ಮೊದಲ ಸಲ ಡೆಸ್ಕ್‌ಟಾಪ್ ಜೋಡಿಸುತ್ತಿದ್ದೀರಾ? ಕ್ಯಾಬಿನೆಟ್ ಮುಟ್ಟುವ ಮೊದಲು ಇದನ್ನು ಓದಿ

ನಾನು ಮೊದಲ ಕಂಪ್ಯೂಟರ್ ಜೋಡಿಸಿದಾಗ, ಎಲ್ಲ ಮುಗಿಸಿ ಪವರ್ ಬಟನ್ ಒತ್ತುವ ಹೊತ್ತಿಗೆ ಮಧ್ಯರಾತ್ರಿ ಆಗಿತ್ತು. ಫ್ಯಾನ್‌ಗಳು ತಿರುಗಿದವು. ಬೋರ್ಡ್ ಮೇಲೆ ದೀಪ ಹತ್ತಿತು. ಮಾನಿಟರ್ ಮಾತ್ರ ಕಪ್ಪಗೇ ಇತ್ತು. ಕೇಬಲ್‌ಗಳನ್ನೆಲ್ಲ ಹಿಂದೆ ನೀಟಾಗಿ ಕಟ್ಟಿದ್ದೆ, ಗ್ರಾಫಿಕ್ಸ್ ಕಾರ್ಡ್ ಕೂರಿಸಿ ಸ್ಕ್ರೂ ಬಿಗಿದಿದ್ದೆ, ಈಗ ಒಂದೊಂದಾಗಿ ಎಲ್ಲವನ್ನೂ ಬಿಚ್ಚುತ್ತಾ ಕೂತೆ. ಬೆಳಗಿನ ಜಾವ ಗೊತ್ತಾಯಿತು: ಒಂದು ರ‍್ಯಾಮ್ ಸ್ಟಿಕ್ ಸ್ಲಾಟಿನಲ್ಲಿ ಪೂರ್ತಿ ಕೂತಿರಲಿಲ್ಲ. ಒಂದು ತುದಿ ಕೂದಲೆಳೆಯಷ್ಟು ಮೇಲೆ ನಿಂತಿತ್ತು, ಅಷ್ಟೇ.

ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಪ್ರೊಸೆಸರ್, ರ‍್ಯಾಮ್, ಕೂಲರ್ ಇಷ್ಟನ್ನು ಮದರ್‌ಬೋರ್ಡಿಗೆ ಹಾಕಿ, ಕ್ಯಾಬಿನೆಟ್‌ನ ಹೊರಗೆ, ಮೇಜಿನ ಮೇಲೇ ಒಮ್ಮೆ ಆನ್ ಮಾಡಿ ನೋಡುತ್ತೇನೆ. ಮಾನಿಟರಿನಲ್ಲಿ ಏನಾದರೂ ಕಾಣಿಸಿದ ಮೇಲೆಯೇ ಬೋರ್ಡ್ ಕ್ಯಾಬಿನೆಟ್ ಒಳಗೆ ಹೋಗುತ್ತದೆ. ಈ ಬರಹದಿಂದ ಒಂದೇ ಒಂದು ವಿಷಯ ತಗೊಂಡು ಹೋಗುವುದಾದರೆ ಇದನ್ನೇ ತಗೊಳ್ಳಿ. ಇದಕ್ಕೆ ಅರ್ಧ ಗಂಟೆ ಜಾಸ್ತಿ ಬೇಕು. ತಪ್ಪಿದರೆ ಇಡೀ ರಾತ್ರಿ ಹೋಗುತ್ತದೆ.

ಹೆದರಿಕೆ ಬೇಡ ಅಂತಲೂ ಹೇಳಿಬಿಡುತ್ತೇನೆ. ಹೆಚ್ಚಿನ ಕನೆಕ್ಟರ್‌ಗಳು ತಪ್ಪು ಜಾಗಕ್ಕೆ ಹೋಗುವುದೇ ಇಲ್ಲ, ಹಾಗೆ ಆಕಾರ ಕೊಟ್ಟಿರುತ್ತಾರೆ. ನಿಜವಾಗಿ ಎಚ್ಚರ ಬೇಕಾದ ಜಾಗಗಳು ನಾಲ್ಕೈದು ಇವೆ. ಅಲ್ಲಿ ನಿಧಾನ ಮಾಡಿದರೆ ಸಾಕು.

ಪಾರ್ಟ್‌ಗಳನ್ನು ಆರಿಸುವುದು

ಮೊದಲು ಕೆಲಸ ಏನು ಅಂತ ನಿರ್ಧರಿಸಿ. ಬರೀ ಆಫೀಸ್ ಕೆಲಸ, ಬ್ರೌಸಿಂಗ್, ಸಿನಿಮಾ ಅಂದರೆ ಗ್ರಾಫಿಕ್ಸ್ ಕಾರ್ಡೇ ಬೇಡ. ಗೇಮ್ ಆಡಬೇಕು ಅಂದರೆ ದುಡ್ಡಿನ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ವಿಡಿಯೋ ಎಡಿಟಿಂಗ್, 3ಡಿ, ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವುದು ಅಂದರೆ ಪ್ರೊಸೆಸರ್ ಕೋರ್ ಮತ್ತು ರ‍್ಯಾಮ್ ಕಡೆ ನೋಡಿ. "ಎಲ್ಲಕ್ಕೂ ಆಗಬೇಕು" ಅಂತ ಹೊರಟರೆ ಯಾವುದಕ್ಕೂ ಸರಿಯಾಗಿ ಆಗದ ಒಂದು ಮಷೀನ್ ಸಿಗುತ್ತದೆ.

ಪ್ರೊಸೆಸರ್ ಮತ್ತು ಮದರ್‌ಬೋರ್ಡನ್ನು ಜೋಡಿಯಾಗಿಯೇ ಆರಿಸಬೇಕು, ಯಾಕಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ, ಅಂದರೆ ಸಾಕೆಟ್, ಹೊಂದಬೇಕು. ಎಎಂಡಿಯಲ್ಲಿ ರೈಝೆನ್ 7000 ಮತ್ತು 9000 ಸಾಲಿನ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಎಎಂ5 ಸಾಕೆಟ್. ಹಳೆಯ 5000 ಸಾಲಿಗೆ ಎಎಂ4. ಇಂಟೆಲ್‌ನಲ್ಲಿ 12, 13, 14ನೇ ತಲೆಮಾರಿಗೆ ಎಲ್‌ಜಿಎ1700. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸಾಲಿಗೆ ಎಲ್‌ಜಿಎ1851. ರ‍್ಯಾಮ್ ಕೂಡ ಇದಕ್ಕೇ ಅಂಟಿಕೊಂಡಿದೆ: ಎಎಂ5 ಅಂದರೆ ಹೊಸ ತಲೆಮಾರಿನ ಡಿಡಿಆರ್5 ಮಾತ್ರ, ಎಎಂ4 ಅಂದರೆ ಹಿಂದಿನ ತಲೆಮಾರಿನ ಡಿಡಿಆರ್4 ಮಾತ್ರ. ಎಲ್‌ಜಿಎ1700ರಲ್ಲಿ ಎರಡೂ ಬಗೆಯ ಬೋರ್ಡ್ ಇವೆ, ಆದ್ದರಿಂದ ಬೋರ್ಡಿನ ಹೆಸರನ್ನು ಕೊನೆಯ ಅಕ್ಷರದವರೆಗೆ ಓದಿ. ಡಿಡಿಆರ್4 ಸ್ಟಿಕ್ ಡಿಡಿಆರ್5 ಸ್ಲಾಟಿಗೆ ಹೋಗುವುದಿಲ್ಲ, ಕೆಳಗಿನ ಕಚ್ಚು ಬೇರೆ ಜಾಗದಲ್ಲಿದೆ.

ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರವೂ ಮುಖ್ಯ. ಕೊನೆಯಲ್ಲಿ 'ಎಫ್' ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಇಲ್ಲದೆ ಮಾನಿಟರಿನಲ್ಲಿ ಏನೂ ಕಾಣುವುದಿಲ್ಲ. ರೈಝೆನ್ 5000 ಸಾಲಿನಲ್ಲಿ 'ಜಿ' ಇಲ್ಲದವುಗಳಲ್ಲೂ ಇಲ್ಲ. 7000, 9000 ಸಾಲಿನ ಹೆಚ್ಚಿನವುಗಳಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಇರುತ್ತದೆ. ಗೇಮಿಗೆ ಅದು ಸಾಲದು. ಆದರೆ ನಾನು ಮೇಲೆ ಹೇಳಿದ ಹೊರಗಿನ ಪರೀಕ್ಷೆಗೆ, ಮುಂದೆ ಯಾವತ್ತಾದರೂ ಕಾರ್ಡ್ ಕೆಟ್ಟಾಗ ಕಾರಣ ಹುಡುಕುವುದಕ್ಕೆ ಅದು ತುಂಬಾ ಉಪಕಾರಿ. ಬೆಲೆಯ ವ್ಯತ್ಯಾಸ ಕಡಿಮೆ ಇದ್ದರೆ ನಾನು ಗ್ರಾಫಿಕ್ಸ್ ಇರುವ ಚಿಪ್ಪನ್ನೇ ತಗೊಳ್ಳಿ ಅನ್ನುತ್ತೇನೆ.

ಮದರ್‌ಬೋರ್ಡಿನಲ್ಲಿ ದುಬಾರಿ ಮಾಡೆಲ್ ಹಿಂದೆ ಬೀಳಬೇಡಿ. ಓವರ್‌ಕ್ಲಾಕ್ (ಚಿಪ್ಪನ್ನು ನಿಗದಿಗಿಂತ ವೇಗವಾಗಿ ಓಡಿಸುವುದು) ಮಾಡುವ ಹಂಬಲ ಇಲ್ಲದಿದ್ದರೆ 'ಬಿ' ಸಾಲಿನ ಚಿಪ್‌ಸೆಟ್ (ಬೋರ್ಡಿನ ದರ್ಜೆ ಹೇಳುವ ಚಿಪ್, ಉದಾಹರಣೆಗೆ ಎಎಂ5ನ ಬಿ650) ಬೇಕಾದಷ್ಟಾಯಿತು. ಆದರೆ ಎರಡು ಸಣ್ಣ ಅನುಕೂಲಗಳನ್ನು ಹುಡುಕಿ. ಒಂದು, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಅಂತ ಬರೆದಿರುವ ನಾಲ್ಕು ಪುಟ್ಟ ಎಲ್‌ಇಡಿಗಳು. ಮಷೀನ್ ಎಲ್ಲಿ ನಿಂತಿತು ಅಂತ ಅವು ಹೇಳುತ್ತವೆ. ಇನ್ನೊಂದು, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ (ಬೋರ್ಡಿನಲ್ಲೇ ಇರುವ, ಮಷೀನನ್ನು ಎಬ್ಬಿಸುವ ಪ್ರೋಗ್ರಾಂ) ಅಪ್‌ಡೇಟ್ ಮಾಡುವ ಫ್ಲ್ಯಾಶ್‌ಬ್ಯಾಕ್ ಬಟನ್. ಬಿ650 ಬೋರ್ಡ್ ಹಳೇ ಸ್ಟಾಕ್ ಆಗಿದ್ದು ಅದಕ್ಕೆ 9000 ಸಾಲಿನ ಚಿಪ್ ಹಾಕಿದರೆ ಬಯೋಸ್ ಅಪ್‌ಡೇಟ್ ಆಗದೆ ಅದು ಏಳುವುದೇ ಇಲ್ಲ. ಆಗ ಈ ಬಟನ್ ನಿಮ್ಮನ್ನು ಉಳಿಸುತ್ತದೆ.

ರ‍್ಯಾಮ್ ಎರಡು ಸ್ಟಿಕ್‌ನ ಒಂದೇ ಕಿಟ್ ತಗೊಳ್ಳಿ. 16 ಜಿಬಿಯ ಎರಡು, ಒಟ್ಟು 32, ಈಗ ಹೆಚ್ಚಿನವರಿಗೆ ಸರಿಯಾದ ಅಳತೆ. ಬರೀ ಸಾಮಾನ್ಯ ಕೆಲಸಕ್ಕೆ 16 ಸಾಕು. ಡಿಡಿಆರ್5ನಲ್ಲಿ ನಾಲ್ಕು ಸ್ಟಿಕ್ ತುಂಬಿದರೆ ವೇಗ ಇಳಿಸಬೇಕಾಗುತ್ತದೆ, ಆದ್ದರಿಂದ "ಈಗ ಎರಡು, ಆಮೇಲೆ ಇನ್ನೆರಡು" ಅನ್ನುವ ಲೆಕ್ಕ ಅಷ್ಟು ಚೆನ್ನಾಗಿ ನಡೆಯುವುದಿಲ್ಲ. ಎಎಂ5 ಬೋರ್ಡಿಗೆ 6000 ವೇಗದ ಕಿಟ್ ಒಳ್ಳೆಯ ಆಯ್ಕೆ.

ಸ್ಟೋರೇಜ್‌ಗೆ ಒಂದು ಎನ್‌ವಿಎಂಇ (ವೇಗದ ಬಗೆಯ) ಎಸ್‌ಎಸ್‌ಡಿ, 1 ಟಿಬಿ. ಅದರ ಜೊತೆ ಬರೆದಿರುವ ಎಂ.2 ಅನ್ನುವುದು ಬರೀ ಆಕಾರದ ಹೆಸರು, ಅದೇ ಆಕಾರದಲ್ಲಿ ನಿಧಾನದ ಸಾಟಾ ಡ್ರೈವ್‌ಗಳೂ ಬರುತ್ತವೆ. ಹಾಗಾಗಿ ಲೇಬಲ್ಲಿನಲ್ಲಿ ಎನ್‌ವಿಎಂಇ ಅಂತ ಇದೆಯಾ ನೋಡಿ.

ಪವರ್ ಸಪ್ಲೈ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಎಸ್‌ಎಂಪಿಎಸ್ ಅಂತ ಕರೆಯುವ ಈ ಡಬ್ಬದ ಮೇಲೆ ಜನ ಎಲ್ಲಕ್ಕಿಂತ ಕಡಿಮೆ ಖರ್ಚು ಮಾಡುತ್ತಾರೆ, ಕೆಟ್ಟರೆ ಉಳಿದ ಪಾರ್ಟ್‌ಗಳನ್ನೂ ಜೊತೆಗೆ ಎಳೆದುಕೊಂಡು ಹೋಗಬಲ್ಲದ್ದು ಇದೇ. ಲೆಕ್ಕ ಹೀಗೆ ಹಾಕಿ: ಪ್ರೊಸೆಸರ್ 120 ವ್ಯಾಟ್, ಗ್ರಾಫಿಕ್ಸ್ ಕಾರ್ಡ್ 220, ಬೋರ್ಡ್, ಫ್ಯಾನ್, ಡ್ರೈವ್ ಎಲ್ಲ ಸೇರಿ ಒಂದು 75. ಒಟ್ಟು 415. ಗ್ರಾಫಿಕ್ಸ್ ಕಾರ್ಡ್‌ಗಳು ಕ್ಷಣಮಾತ್ರ ತಮ್ಮ ಮಿತಿಗಿಂತ ಜಾಸ್ತಿ ಎಳೆಯುತ್ತವೆ, ಅದಕ್ಕೆ ಜಾಗ ಬಿಟ್ಟು 650 ವ್ಯಾಟ್ ತಗೊಳ್ಳಿ. ಡಬ್ಬದ ಮೇಲಿನ 80 ಪ್ಲಸ್ ಬ್ರಾನ್ಝ್, ಗೋಲ್ಡ್ ಅನ್ನುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವುದರ ಗುರುತು, ಒಳಗಿನ ಗುಣಮಟ್ಟಕ್ಕೆ ಪೂರ್ತಿ ಜಾಮೀನಲ್ಲ. ವಾರಂಟಿ ಎಷ್ಟು ವರ್ಷ ಅಂತ ನೋಡಿ, ಬಿಚ್ಚಿ ಪರೀಕ್ಷೆ ಮಾಡಿದವರ ವಿಮರ್ಶೆ ಓದಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಪ್ರೊಸೆಸರ್, ರ‍್ಯಾಮ್ ಧೈರ್ಯವಾಗಿ ತಗೊಳ್ಳಬಹುದು. ಎಸ್‌ಎಂಪಿಎಸ್ ಮಾತ್ರ ಹೊಸದೇ ಇರಲಿ. ಅದನ್ನು ಯಾವತ್ತೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು.

ಗ್ರಾಫಿಕ್ಸ್ ಕಾರ್ಡನ್ನು ಮಾನಿಟರ್ ನೋಡಿ ಆರಿಸಿ. 1080ಪಿ (1920 x 1080 ಚುಕ್ಕಿಗಳ) ಮಾನಿಟರಿಗೆ ಮೇಲಿನ ದರ್ಜೆಯ ಕಾರ್ಡ್ ಹಾಕಿದರೆ ಅದರ ಶಕ್ತಿ ಸುಮ್ನೆ ಕೂತಿರುತ್ತದೆ. 1440ಪಿ ಅಥವಾ ಅದಕ್ಕಿಂತ ಮೇಲಾದರೆ 12 ಜಿಬಿ ಅಥವಾ ಜಾಸ್ತಿ ಮೆಮೊರಿ ಇರುವುದನ್ನು ನೋಡಿ.

ಕ್ಯಾಬಿನೆಟ್‌ಗೆ ಮುಂದೆ ಗಾಜಿಗಿಂತ ಜಾಲರಿ ಇದ್ದರೆ ಗಾಳಿ ಚೆನ್ನಾಗಿ ಬರುತ್ತದೆ. ಕೊಳ್ಳುವ ಮೊದಲು ಮೂರು ಅಳತೆ ತಾಳೆ ನೋಡಿ: ಬೋರ್ಡಿನ ಗಾತ್ರ, ಗ್ರಾಫಿಕ್ಸ್ ಕಾರ್ಡಿನ ಉದ್ದ, ಕೂಲರ್‌ನ ಎತ್ತರ. ಎಟಿಎಕ್ಸ್ ಬೋರ್ಡ್ 305 x 244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244 x 244, ಮಿನಿ ಐಟಿಎಕ್ಸ್ 170 x 170. ದೊಡ್ಡ ಟವರ್ ಕೂಲರ್‌ಗಳು 155ರಿಂದ 165 ಮಿಲಿಮೀಟರ್ ಎತ್ತರ ಇರುತ್ತವೆ, ಎಲ್ಲ ಕ್ಯಾಬಿನೆಟ್‌ನ ಬಾಗಿಲೂ ಅದಕ್ಕೆ ಮುಚ್ಚುವುದಿಲ್ಲ. ಮೊದಲ ಸಲಕ್ಕೆ ಮಿನಿ ಐಟಿಎಕ್ಸ್ ಬೇಡ. ನೋಡಲು ಮುದ್ದಾಗಿರುತ್ತದೆ, ಆದರೆ ಒಳಗೆ ಬೆರಳು ಹೋಗುವುದಿಲ್ಲ.

ಇನ್ನೊಂದು ಮರೆತೆ. ಇಂಟೆಲ್‌ನ 'ಕೆ' ಚಿಪ್‌ಗಳ ಜೊತೆ ಕೂಲರ್ ಬರುವುದಿಲ್ಲ, ಎಎಂಡಿಯ ಹಲವು 'ಎಕ್ಸ್' ಚಿಪ್‌ಗಳ ಜೊತೆಗೂ ಇಲ್ಲ. ಬೇರೆ ಕೊಳ್ಳಬೇಕು.

ಕೆಲಸ ಶುರು ಮಾಡುವ ಮೊದಲು

ಬೇಕಾದ ಸಾಮಾನು ಕಡಿಮೆ. ತುದಿಯಲ್ಲಿ ಅಯಸ್ಕಾಂತ ಇರುವ 2ನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್, ಎಂ.2 ಸ್ಕ್ರೂಗೆ ಚಿಕ್ಕದೊಂದು, ಕೇಬಲ್ ಟೈ, ಟಾರ್ಚ್, ಸ್ಕ್ರೂ ಹಾಕಿಡಲು ಎರಡು ಮೂರು ಬಟ್ಟಲು. ಕಾರ್ಪೆಟ್ ಮೇಲೆ ಕೂರಬೇಡಿ, ಗಟ್ಟಿ ಮೇಜಿನ ಮೇಲೆ ಮಾಡಿ. ಬೋರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗುತ್ತದೆ. ಆಗಾಗ ಹಾಗೆ ಮಾಡುತ್ತಿರಿ. ಬೋರ್ಡನ್ನು ಅಂಚಿನಲ್ಲೇ ಹಿಡಿಯಿರಿ.

ಬೇರೆ ಕಂಪ್ಯೂಟರಿನಲ್ಲಿ ಈಗಲೇ ಎರಡು ಕೆಲಸ ಮುಗಿಸಿಕೊಳ್ಳಿ. 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಅಥವಾ ಲಿನಕ್ಸ್ ಇನ್‌ಸ್ಟಾಲರ್ ಮಾಡಿಡಿ. ಬೋರ್ಡ್ ಕಂಪನಿಯ ಸೈಟಿನಿಂದ ಲ್ಯಾನ್ ಮತ್ತು ವೈ-ಫೈ ಡ್ರೈವರ್ ಇಳಿಸಿ ಇನ್ನೊಂದರಲ್ಲಿ ಹಾಕಿಡಿ. ವಿಂಡೋಸ್ 11 ಇನ್‌ಸ್ಟಾಲ್ ಆಗುವಾಗ ಇಂಟರ್ನೆಟ್ ಕೇಳುತ್ತದೆ, ಹೊಸ ಬೋರ್ಡಿನ ವೈ-ಫೈ ಅದಕ್ಕೆ ಎಷ್ಟೋ ಸಲ ಗೊತ್ತಿರುವುದಿಲ್ಲ, ಆಗ ಎಲ್ಲಿಗೂ ಹೋಗಲಾರದೆ ನಿಂತುಬಿಡುತ್ತೀರಿ.

ಬೋರ್ಡಿನ ಮ್ಯಾನುವಲ್ ಓದಿ. ನಿಜವಾಗಿ ಓದಿ. ಯಾವ ವಿಡಿಯೋಗಿಂತಲೂ ಅದು ಮೇಲು, ಯಾಕಂದರೆ ಅದು ನಿಮ್ಮ ಬೋರ್ಡಿನ ಬಗ್ಗೆಯೇ ಬರೆದದ್ದು.

ಪ್ರೊಸೆಸರ್ ಕೂರಿಸುವುದು

ಎಲ್ಲಕ್ಕಿಂತ ಎಚ್ಚರ ಬೇಕಾದ ಒಂದು ನಿಮಿಷ ಇದು. ಎಎಂ5 ಮತ್ತು ಇಂಟೆಲ್ ಬೋರ್ಡ್‌ಗಳಲ್ಲಿ ಪಿನ್‌ಗಳು ಸಾಕೆಟ್ ಒಳಗೇ ಇರುತ್ತವೆ. ಎಎಂ5ನಲ್ಲಿ 1718 ಇವೆ, ಕೂದಲಿನಷ್ಟು ತೆಳು. ಬೆರಳು, ಬಟ್ಟೆ, ಬ್ರಷ್ ಏನೂ ತಾಗಬಾರದು. ಎಎಂ4ನಲ್ಲಿ ಇದು ತಿರುಗುಮುರುಗು, ಪಿನ್ ಪ್ರೊಸೆಸರ್ ಕೆಳಗೆ ಇರುತ್ತದೆ.

ಸಾಕೆಟ್ ಪಕ್ಕದ ಸರಳನ್ನು ಒತ್ತಿ ಪಕ್ಕಕ್ಕೆ ಸರಿಸಿ ಮೇಲೆತ್ತಿ. ಲೋಹದ ಚೌಕಟ್ಟು ತೆರೆಯಿರಿ. ಪ್ರೊಸೆಸರ್‌ನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನ ಇರುತ್ತದೆ, ಸಾಕೆಟ್‌ನಲ್ಲೂ ಅಂಥದ್ದೇ ಗುರುತು ಇದೆ. ಎರಡನ್ನೂ ಸೇರಿಸಿ, ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು, ನೇರವಾಗಿ ಕೆಳಗಿಳಿಸಿ ಬಿಡಿ. ಒತ್ತಬೇಡಿ. ತನ್ನ ಭಾರಕ್ಕೇ ಕೂರಬೇಕು. ಕೂರದಿದ್ದರೆ ದಿಕ್ಕು ತಪ್ಪಿದೆ ಅಂತ ಅರ್ಥ, ಎತ್ತಿ ಮತ್ತೆ ನೋಡಿ.

ಆಮೇಲೆ ಚೌಕಟ್ಟು ಮುಚ್ಚಿ ಸರಳನ್ನು ಕೆಳಗೆ ಒತ್ತಿ. ಇಲ್ಲಿ ಜನ ಗಾಬರಿಯಾಗುತ್ತಾರೆ. ಎಎಂ5, ಇಂಟೆಲ್ ಬೋರ್ಡ್‌ಗಳಲ್ಲಿ ಸರಳಿಗೆ ನಿಜವಾಗಿ ಬಲ ಬೇಕು, ಕಿರ್ರ್ ಅಂತ ಸದ್ದೂ ಬರಬಹುದು. ಪ್ರೊಸೆಸರ್ ಸರಿಯಾಗಿ ಕೂತಿದೆ ಅಂತ ಖಾತ್ರಿ ಇದ್ದರೆ ಧೈರ್ಯವಾಗಿ ಒತ್ತಿ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಹಾರಿ ಬರುತ್ತದೆ. ಅದನ್ನು ಎಸೆಯಬೇಡಿ, ವಾರಂಟಿಗೆ ಬೋರ್ಡ್ ಕಳಿಸುವಾಗ ಬೇಕಾಗುತ್ತದೆ.

ರ‍್ಯಾಮ್ ಮತ್ತು ಎಸ್‌ಎಸ್‌ಡಿ

ನಾಲ್ಕು ಸ್ಲಾಟ್ ಇದ್ದು ಎರಡು ಸ್ಟಿಕ್ ಇದ್ದರೆ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಮೊದಲ ಎರಡಕ್ಕೆ ಹಾಕಿದರೆ ಎರಡು ಸ್ಟಿಕ್ ಇದ್ದೂ ಒಂಟಿ ಚಾನೆಲ್‌ನಲ್ಲಿ, ಅಂದರೆ ಒಂದೇ ದಾರಿಯಲ್ಲಿ ನಿಧಾನವಾಗಿ, ಓಡಬಹುದು. ಮ್ಯಾನುವಲ್‌ನಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ. ಕಚ್ಚು ಹೊಂದಿಸಿ, ಎರಡೂ ತುದಿಯನ್ನು ಹೆಬ್ಬೆರಳಿನಿಂದ ಸಮವಾಗಿ ಒತ್ತಿ, ಟಕ್ ಅನ್ನುವವರೆಗೆ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತದೆ, ಕ್ಲಿಪ್ ಇಲ್ಲದ ತುದಿ ಅರ್ಧಕ್ಕೇ ನಿಲ್ಲುವುದು ಜಾಸ್ತಿ. ನನಗೆ ಆಗಿದ್ದು ಇದೇ. ಟಾರ್ಚ್ ಹಾಕಿ ಪಕ್ಕದಿಂದ ನೋಡಿ, ಚಿನ್ನದ ಬಣ್ಣದ ಪಟ್ಟಿ ಎರಡು ತುದಿಯಲ್ಲೂ ಒಂದೇ ಸಮ ಮುಳುಗಿರಬೇಕು.

ಎಸ್‌ಎಸ್‌ಡಿಯನ್ನು ಪ್ರೊಸೆಸರ್‌ಗೆ ಹತ್ತಿರದ ಎಂ.2 ಸ್ಲಾಟಿಗೆ ಹಾಕಿ. ಸುಮಾರು 30 ಡಿಗ್ರಿ ಓರೆಯಾಗಿ ತಳ್ಳಿ, ಮಲಗಿಸಿ, ಸ್ಕ್ರೂ ಅಥವಾ ಬೀಗದಿಂದ ಹಿಡಿಸಿ. ಮೇಲೆ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಪಟ್ಟಿ) ಇದ್ದರೆ ಅದರ ಕೆಳಗಿನ ಪ್ಯಾಡ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ, ಅದನ್ನು ಕಿತ್ತು ಹಾಕಿ. ಎಷ್ಟೋ ಜನ ಹಾಳೆ ಸಮೇತ ಮುಚ್ಚಿಬಿಡುತ್ತಾರೆ.

ಕೂಲರ್

ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಪೇಸ್ಟ್ ಎಷ್ಟು ಹಾಕಬೇಕು ಅನ್ನುವುದರ ಮೇಲೆ ದೊಡ್ಡ ದೊಡ್ಡ ಜಗಳಗಳೇ ನಡೆದಿವೆ. ಪ್ರೊಸೆಸರ್ ಮೇಲೆ ನಡುವೆ ಒಂದು ಬಟಾಣಿ ಗಾತ್ರ ಸಾಕು. ಚಿಪ್ ದೊಡ್ಡದಾದರೆ ಗುಣಿಸು ಚಿಹ್ನೆಯಂತೆ ತೆಳುವಾಗಿ ಎಳೆಯಿರಿ. ಸ್ವಲ್ಪ ಜಾಸ್ತಿಯಾದರೆ ಪಕ್ಕಕ್ಕೆ ಬರುತ್ತದೆ, ದೊಡ್ಡ ನಷ್ಟವಿಲ್ಲ. ಕಡಿಮೆಯಾದರೆ ಬಿಸಿ ಏರುತ್ತದೆ. ಕೂಲರ್‌ನ ತಳದಲ್ಲಿ ಮೊದಲೇ ಪೇಸ್ಟ್ ಬಳಿದಿದ್ದರೆ ನೀವು ಹಾಕಬೇಡಿ. ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇದ್ದರೆ, ಮತ್ತೆ ಹೇಳುತ್ತೇನೆ, ಕಿತ್ತು ಹಾಕಿ.

ಎಎಂ5 ಬೋರ್ಡಿನ ಹಿಂದಿರುವ ಲೋಹದ ತಟ್ಟೆಯನ್ನು ಬಿಚ್ಚಬೇಡಿ, ಹೆಚ್ಚಿನ ಕೂಲರ್‌ಗಳು ಅದನ್ನೇ ಬಳಸುತ್ತವೆ. ಇಂಟೆಲ್ ಆದರೆ ಸಾಮಾನ್ಯವಾಗಿ ಕೂಲರ್ ಜೊತೆಗೇ ತಟ್ಟೆ ಬರುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೂಲರ್ ಓರೆಯಾಗುತ್ತದೆ. ಫ್ಯಾನ್ ವೈರನ್ನು 'ಸಿಪಿಯು ಫ್ಯಾನ್' ಅಂತ ಬರೆದಿರುವ ಪಿನ್‌ಗೆ ಹಾಕಿ. ಬೇರೆ ಕಡೆ ಹಾಕಿದರೆ ಬೋರ್ಡ್ ಫ್ಯಾನ್ ಇಲ್ಲ ಅಂತ ತಿಳಿದು ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ.

ಹೊರಗೇ ಒಮ್ಮೆ ಆನ್ ಮಾಡಿ

ಈಗ ಮುಖ್ಯ ಕೆಲಸ. ಬೋರ್ಡ್ ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಬೋರ್ಡ್ ಇಡಿ. ಅದು ಬಂದ ಬೆಳ್ಳಿ ಬಣ್ಣದ ಚೀಲದ ಮೇಲೆ ಇಡಬೇಡಿ, ಆ ಚೀಲದ ಹೊರಮೈಯಲ್ಲಿ ವಿದ್ಯುತ್ ಹರಿಯಬಹುದು. ಎಸ್‌ಎಂಪಿಎಸ್ ಪಕ್ಕದಲ್ಲಿಡಿ, ಸ್ವಿಚ್ ಆಫ್ ಇರಲಿ. ಎರಡು ಕೇಬಲ್ ಸಾಕು: ಬೋರ್ಡಿಗೆ 24 ಪಿನ್‌ನ ದೊಡ್ಡದು, ಪ್ರೊಸೆಸರ್‌ಗೆ ಮೇಲಿನ ಮೂಲೆಯಲ್ಲಿ 8 ಪಿನ್‌ನದು. ಈ 8 ಪಿನ್ ಕೇಬಲ್ 4+4 ಆಗಿ ಒಡೆಯುತ್ತದೆ, ಮೇಲೆ ಸಿಪಿಯು ಅಂತ ಬರೆದಿರುತ್ತದೆ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ 6+2 ಆಗಿ ಒಡೆಯುತ್ತದೆ. ನೋಡಲು ಒಂದೇ ಥರ, ಒಳಗಿನ ವೈರಿಂಗ್ ಬೇರೆ. ಅದಲುಬದಲು ಮಾಡಬೇಡಿ, ಬಲವಂತವಾಗಿ ತುರುಕಬೇಡಿ.

ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇದ್ದರೆ ಮಾನಿಟರ್ ಕೇಬಲನ್ನು ಬೋರ್ಡಿಗೇ ಹಾಕಿ. ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಮೇಲಿನ ಸ್ಲಾಟಿಗೆ ಹಾಕಿ, ಅದಕ್ಕೆ ಕರೆಂಟ್ ಕೊಟ್ಟು, ಬೀಳದಂತೆ ಪಕ್ಕದಲ್ಲಿ ಏನಾದರೂ ಆನಿಸಿ. ಕಾರ್ಡಿನ ಲೋಹದ ಪಟ್ಟಿ ಬೋರ್ಡಿಗಿಂತ ಕೆಳಗೆ ಇಳಿಯುತ್ತದೆ, ಅದಕ್ಕೇ ಪೆಟ್ಟಿಗೆಯ ಎತ್ತರ ಬೇಕಾಗುವುದು.

ಸ್ವಿಚ್ ಹಾಕಿ. ಬೋರ್ಡಿನ ಕೆಳಮೂಲೆಯಲ್ಲಿ ಪವರ್ ಸ್ವಿಚ್‌ಗೆ ಅಂತ ಎರಡು ಪಿನ್ ಇವೆ, ಮ್ಯಾನುವಲ್‌ನಲ್ಲಿ ಯಾವುದು ಅಂತ ನೋಡಿ, ಸ್ಕ್ರೂಡ್ರೈವರ್ ತುದಿಯಿಂದ ಆ ಎರಡನ್ನೂ ಒಂದು ಕ್ಷಣ ಒಟ್ಟಿಗೆ ಮುಟ್ಟಿ. ಕ್ಯಾಬಿನೆಟ್ ಬಟನ್ ಮಾಡುವುದೂ ಇಷ್ಟೇ ಕೆಲಸ. ಅಲ್ಲಿರುವುದು ಕಡಿಮೆ ವೋಲ್ಟೇಜ್, ಶಾಕ್ ಹೊಡೆಯುವುದಿಲ್ಲ. ಆದರೆ ಪಕ್ಕದ ಪಿನ್‌ಗಳಿಗೆ ತಾಗಿಸಬೇಡಿ.

ಈಗ ಕಾಯಿರಿ. ಇದು ಬಹಳ ಮುಖ್ಯ. ಡಿಡಿಆರ್5 ಬೋರ್ಡ್‌ಗಳು ಮೊದಲ ಸಲ ರ‍್ಯಾಮ್ ಜೊತೆ ಹೊಂದಿಕೊಳ್ಳಲು ಹಲವು ನಿಮಿಷ ತಗೊಳ್ಳುತ್ತವೆ. ಆಗ ಮಾನಿಟರ್ ಕಪ್ಪಗಿರುತ್ತದೆ, ರ‍್ಯಾಮ್ ಎಲ್‌ಇಡಿ ಉರಿಯುತ್ತಿರುತ್ತದೆ, ಮಷೀನ್ ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗಬಹುದು. ಕೆಟ್ಟಿದೆ ಅಂತ ಹೆದರಿ ಕರೆಂಟ್ ತೆಗೆದರೆ ಮತ್ತೆ ಮೊದಲಿನಿಂದ ಶುರು. 15 ನಿಮಿಷ ಕಾದು ನೋಡಿ. ಬಯೋಸ್ ಪರದೆ ಬಂದು, ಪ್ರೊಸೆಸರ್ ಹೆಸರು, ರ‍್ಯಾಮ್ ಪ್ರಮಾಣ, ಎಸ್‌ಎಸ್‌ಡಿ ಮೂರೂ ಕಂಡರೆ ಅರ್ಧ ಯುದ್ಧ ಗೆದ್ದಂತೆ. ಇದಾದ ಮೇಲೆ ಏನಾದರೂ ತೊಂದರೆ ಬಂದರೆ, ಅದು ಕ್ಯಾಬಿನೆಟ್‌ಗೆ ಹಾಕುವಾಗ ಆದದ್ದು ಅಂತ ನಿಮಗೆ ಗೊತ್ತಿರುತ್ತದೆ. ಹುಡುಕುವ ಜಾಗ ಎಷ್ಟು ಚಿಕ್ಕದಾಯಿತು ಅಲ್ವಾ?

ಆಫ್ ಮಾಡಿ, ಪ್ಲಗ್ ತೆಗೆದು, ಆ ಎರಡು ಪಿನ್‌ಗಳನ್ನು ಇನ್ನೊಮ್ಮೆ ಮುಟ್ಟಿಸಿ; ಉಳಿದ ಕರೆಂಟ್ ಖಾಲಿಯಾಗಲಿ.

ಕ್ಯಾಬಿನೆಟ್ ಒಳಗೆ

ಬೋರ್ಡಿನ ಹಿಂದಿನ ಪೋರ್ಟ್‌ಗಳ ಸುತ್ತ ಕೂರುವ ಲೋಹದ ತಗಡು ಬೇರೆ ಬಂದಿದ್ದರೆ ಅದನ್ನು ಮೊದಲು ಕ್ಯಾಬಿನೆಟ್‌ಗೆ ಒಳಗಿನಿಂದ ಒತ್ತಿ ಕೂರಿಸಿ. ಎಲ್ಲ ಸ್ಕ್ರೂ ಹಾಕಿದ ಮೇಲೆ ನೆನಪಾದರೆ ಬೋರ್ಡ್ ಮತ್ತೆ ಹೊರಗೆ ಬರಬೇಕು.

ಬೋರ್ಡ್ ನಿಲ್ಲುವುದು ಸ್ಟ್ಯಾಂಡ್‌ಆಫ್ ಅನ್ನುವ ಹಿತ್ತಾಳೆ ಬಣ್ಣದ ಗೂಟಗಳ ಮೇಲೆ. ಬೋರ್ಡಿನಲ್ಲಿ ತೂತು ಇರುವ ಕಡೆಯೆಲ್ಲ ಗೂಟ ಇರಬೇಕು, ತೂತು ಇಲ್ಲದ ಕಡೆ ಗೂಟ ಇರಲೇಬಾರದು. ಮಧ್ಯೆ ಎಲ್ಲೋ ಒಂದು ಹೆಚ್ಚಿನ ಗೂಟ ಉಳಿದರೆ ಅದು ಬೋರ್ಡಿನ ಹಿಂಭಾಗಕ್ಕೆ ತಾಗಿ ಶಾರ್ಟ್ ಆಗುತ್ತದೆ. ಸ್ಕ್ರೂ ಬಿಗಿಯಾಗಿ ಕೂತರೆ ಸಾಕು, ಬಲ ಹಾಕಿ ತಿರುಗಿಸಬೇಡಿ.

ಎಸ್‌ಎಂಪಿಎಸ್ ಕೆಳಗೆ ಕೂರುವ ಕ್ಯಾಬಿನೆಟ್‌ನಲ್ಲಿ ತಳದಲ್ಲಿ ಜಾಲರಿ ಇದ್ದರೆ ಅದರ ಫ್ಯಾನ್ ಕೆಳಮುಖವಾಗಿರಲಿ. ಪ್ರೊಸೆಸರ್‌ನ 8 ಪಿನ್ ಕೇಬಲನ್ನು ಬೋರ್ಡ್ ಹಾಕುವ ಮೊದಲೇ ಮೇಲಿನ ತೂತಿನಿಂದ ತಂದಿಡಿ, ಆಮೇಲೆ ಅಲ್ಲಿ ಕೈ ಹೋಗುವುದಿಲ್ಲ. ಮಾಡ್ಯುಲರ್ (ಕೇಬಲ್ ಬಿಡಿಯಾಗಿ ಬರುವ) ಎಸ್‌ಎಂಪಿಎಸ್ ಆದರೆ ಅದರ ಜೊತೆ ಬಂದ ಕೇಬಲ್ ಮಾತ್ರ ಬಳಸಿ. ಹಳೆಯ ಕೇಬಲ್ ಅದೇ ಆಕಾರದಲ್ಲಿದ್ದು ಸರಿಯಾಗಿ ಕೂತರೂ, ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ತಪ್ಪಾದರೆ ಡ್ರೈವ್, ಬೋರ್ಡ್ ಸುಟ್ಟುಹೋಗುತ್ತವೆ.

ಮುಂಭಾಗದ ಪುಟ್ಟ ವೈರ್‌ಗಳು ತಾಳ್ಮೆ ಪರೀಕ್ಷೆ ಮಾಡುತ್ತವೆ. ಪವರ್ ಮತ್ತು ರೀಸೆಟ್ ಸ್ವಿಚ್‌ಗೆ ದಿಕ್ಕು ಇಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ಎಲ್‌ಇಡಿಗೆ ಪ್ಲಸ್ ಮೈನಸ್ ಇದೆ, ತಪ್ಪಾದರೆ ದೀಪ ಹತ್ತುವುದಿಲ್ಲ ಅಷ್ಟೇ. ಮುಂದಿನ ಯುಎಸ್‌ಬಿ 3ರ ದಪ್ಪ ಕೇಬಲ್ ಮಾತ್ರ ಜೋಪಾನ. ಅದರ ಪಿನ್‌ಗಳು ಸುಲಭವಾಗಿ ಬಗ್ಗುತ್ತವೆ. ಕಚ್ಚು ನೋಡಿ, ನೇರವಾಗಿ ಒತ್ತಿ.

ಫ್ಯಾನ್‌ಗಳ ದಿಕ್ಕು: ರೆಕ್ಕೆ ತೆರೆದು ಕಾಣುವ ಮುಖದಿಂದ ಗಾಳಿ ಒಳಗೆ ಬರುತ್ತದೆ, ಅಡ್ಡಪಟ್ಟಿ ಇರುವ ಮುಖದಿಂದ ಆಚೆ ಹೋಗುತ್ತದೆ. ಮುಂದಿನವು ಒಳಗೆಳೆಯಲಿ, ಹಿಂದಿನದು ಮತ್ತು ಮೇಲಿನವು ಹೊರಹಾಕಲಿ. ನೀರಿನ ಕೂಲರ್ ಇದ್ದರೆ ಇಡೀ ವ್ಯವಸ್ಥೆಯಲ್ಲಿ ಪಂಪ್ ಎಲ್ಲಕ್ಕಿಂತ ಮೇಲೆ ಇರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಗಾಳಿಗುಳ್ಳೆಗಳು ಅಲ್ಲಿ ಸೇರಿ ಸದ್ದು ಮಾಡುತ್ತವೆ.

ಗ್ರಾಫಿಕ್ಸ್ ಕಾರ್ಡ್ ಕೊನೆಗೆ. ಮೇಲಿನ ಉದ್ದ ಸ್ಲಾಟಿಗೆ, ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ, ಸ್ಕ್ರೂ ಹಾಕಿ. ಎರಡು 8 ಪಿನ್ ಕೇಳಿದರೆ ಎರಡು ಬೇರೆ ಬೇರೆ ಕೇಬಲ್ ಕೊಡುವುದು ಒಳ್ಳೆಯದು. ಹೊಸ ಕಾರ್ಡ್‌ಗಳಲ್ಲಿ 16 ಪಿನ್‌ನ ಚಿಕ್ಕ ಕನೆಕ್ಟರ್ ಬರುತ್ತದೆ. ಅದು ಅರ್ಧ ಕೂತಿದ್ದರೆ ಬಿಸಿಯಾಗಿ ಕರಗಿದ ಉದಾಹರಣೆಗಳಿವೆ. ಮಧ್ಯೆ ಸ್ವಲ್ಪವೂ ಸಂದು ಕಾಣದಂತೆ ಒತ್ತಿ, ಕೇಬಲ್ ಮೂರು ನಾಲ್ಕು ಸೆಂಟಿಮೀಟರ್ ನೇರ ಹೋದ ಮೇಲೆಯೇ ಬಗ್ಗಿಸಿ. ಮಾನಿಟರ್ ಕೇಬಲನ್ನು ಈಗ ಬೋರ್ಡಿನಿಂದ ತೆಗೆದು ಕಾರ್ಡಿಗೆ ಹಾಕಿ. ಕೇಬಲ್‌ಗಳನ್ನು ಕಟ್ಟುವುದು ಮಾತ್ರ ಇನ್ನೊಮ್ಮೆ ಆನ್ ಮಾಡಿ ನೋಡಿದ ಮೇಲೆ.

ಬಯೋಸ್ ಮತ್ತು ವಿಂಡೋಸ್

ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ. ಪ್ರೊಸೆಸರ್ ತಾಪಮಾನ ನೋಡಿ. ಸುಮ್ಮನಿರುವಾಗ 35ರಿಂದ 55 ಡಿಗ್ರಿ ಸಾಮಾನ್ಯ. ಕಣ್ಣೆದುರೇ 80, 90 ಅಂತ ಏರುತ್ತಿದ್ದರೆ ಆಫ್ ಮಾಡಿ ಕೂಲರ್ ತೆಗೆದು ನೋಡಿ, ಹಾಳೆ ಉಳಿದಿರಬಹುದು. ಆಮೇಲೆ ರ‍್ಯಾಮ್‌ನ ಎಕ್ಸ್‌ಪೋ ಅಥವಾ ಎಕ್ಸ್ಎಂಪಿ (ಡಬ್ಬದ ಮೇಲೆ ಬರೆದ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿ. ಇದನ್ನು ಮಾಡದಿದ್ದರೆ 6000ದ ರ‍್ಯಾಮ್ ಸಾಮಾನ್ಯವಾಗಿ 4800ರಲ್ಲೋ 5600ರಲ್ಲೋ ಓಡುತ್ತಿರುತ್ತದೆ, ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಬಯೋಸ್ ಅಪ್‌ಡೇಟ್ ಮಾಡುವುದಿದ್ದರೆ ಮಧ್ಯೆ ಕರೆಂಟ್ ಹೋಗದ ಹೊತ್ತು ನೋಡಿಕೊಳ್ಳಿ.

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ 11 ಹಾಕಿ. ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಅದು ಪ್ರೊಸೆಸರ್ ಒಳಗೇ ಇದೆ, ಬಯೋಸ್‌ನಲ್ಲಿ ಆನ್ ಇದ್ದರೆ ಸಾಕು. ಲಿನಕ್ಸ್ ಇಷ್ಟವಾದರೆ ಮಿಂಟ್ ಅಥವಾ ಉಬುಂಟು ಶುರುವಿಗೆ ಹಿತ. ಇನ್‌ಸ್ಟಾಲ್ ಆದ ಮೇಲೆ ಚಿಪ್‌ಸೆಟ್ ಡ್ರೈವರ್, ಗ್ರಾಫಿಕ್ಸ್ ಡ್ರೈವರ್ ಹಾಕಿ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಅನ್ನುವುದು) ನೋಡಿ. 144 ಹರ್ಟ್ಝ್ ಮಾನಿಟರ್ ತಂದು 60ರಲ್ಲೇ ಬಳಸುತ್ತಿರುವವರು ಬೇಕಾದಷ್ಟು ಜನ ಇದ್ದಾರೆ.

ಪಾರ್ಟ್‌ಗಳನ್ನು ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಮಷೀನನ್ನು ಚೆನ್ನಾಗಿ ದುಡಿಸಿ ನೋಡಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಒಂದು ರಾತ್ರಿ ಓಡಲು ಬಿಡಿ. ಒಂದೇ ಒಂದು ತಪ್ಪು ಕಂಡರೂ ಎಕ್ಸ್‌ಪೋ ಆಫ್ ಮಾಡಿ ಮತ್ತೆ ಓಡಿಸಿ. ಆಗಲೂ ತಪ್ಪು ಬಂದರೆ ಸ್ಟಿಕ್ ಬದಲಾಯಿಸಿ. ಪ್ರೊಸೆಸರನ್ನು ಪೂರ್ತಿ ದುಡಿಸುವ ಸಿನೆಬೆಂಚ್ ಅರ್ಧ ಗಂಟೆ ಓಡಿಸಿ ತಾಪಮಾನ ನೋಡಿ. ರೈಝೆನ್ 7000ದ ಕೆಲವು ಚಿಪ್‌ಗಳು ಪೂರ್ತಿ ಭಾರದಲ್ಲಿ 95 ಡಿಗ್ರಿ ಮುಟ್ಟುವಂತೆಯೇ ಮಾಡಿದ್ದಾರೆ, ಅದು ಕಂಡರೆ ಗಾಬರಿ ಬೇಡ.

ಚಿತ್ರ ಬರಲಿಲ್ಲ ಅಂದರೆ

ಈ ಕ್ರಮದಲ್ಲೇ ನೋಡಿ. ಗೋಡೆಯ ಸ್ವಿಚ್, ಎಸ್‌ಎಂಪಿಎಸ್ ಹಿಂದಿನ ಸ್ವಿಚ್. ಮಾನಿಟರ್ ಕೇಬಲ್ ಕಾರ್ಡಿಗೇ ಇದೆಯಾ, ಬೋರ್ಡಿಗಾ. ಪ್ರೊಸೆಸರ್‌ನ 8 ಪಿನ್ ಹಾಕಿದ್ದೀರಾ. ಮರೆಯುವುದರಲ್ಲಿ ಇದೇ ಮೊದಲು. ರ‍್ಯಾಮ್ ತೆಗೆದು ಒಂದೇ ಸ್ಟಿಕ್ಕನ್ನು ಎರಡನೇ ಸ್ಲಾಟಿಗೆ ಹಾಕಿ ನೋಡಿ, ಆಮೇಲೆ ಇನ್ನೊಂದು ಸ್ಟಿಕ್. ಬಯೋಸ್ ಸೆಟ್ಟಿಂಗ್ ಅಳಿಸಿ: ಪ್ಲಗ್ ತೆಗೆದು ಬೋರ್ಡಿನ ಸಿಆರ್2032 ನಾಣ್ಯದ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಆಗಲೂ ಇಲ್ಲವಾದರೆ ಬೋರ್ಡನ್ನು ಹೊರಗೆ ತೆಗೆದು ಅದೇ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಅಲ್ಲಿ ನಡೆದು ಒಳಗೆ ನಡೆಯದಿದ್ದರೆ ಗೂಟವನ್ನೋ, ಶಾರ್ಟ್ ಆಗುತ್ತಿರುವ ಯಾವುದೋ ವೈರನ್ನೋ ಹುಡುಕಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಎಲ್ಲ ಸರಿಯಾದ ಮೇಲೆ ಕೇಬಲ್ ಕಟ್ಟಿ, ಬಾಗಿಲು ಮುಚ್ಚಿ. ಉಳಿದ ಸ್ಕ್ರೂ, ಸಾಕೆಟ್ ಮುಚ್ಚಳ, ಬಿಲ್, ಮ್ಯಾನುವಲ್ ಎಲ್ಲವನ್ನೂ ಬೋರ್ಡಿನ ಪೆಟ್ಟಿಗೆಯಲ್ಲಿ ಹಾಕಿಡಿ. ಉಳಿದ ಮಾಡ್ಯುಲರ್ ಕೇಬಲ್‌ಗಳನ್ನು ಒಂದು ಚೀಲಕ್ಕೆ ಹಾಕಿ, ಯಾವ ಎಸ್‌ಎಂಪಿಎಸ್‌ನದು ಅಂತ ಮಾಡೆಲ್ ಹೆಸರು ಸಮೇತ ಬರೆದಿಡಿ. ಮೂರು ವರ್ಷ ಬಿಟ್ಟು ಇನ್ನೊಂದು ಡ್ರೈವ್ ಹಾಕುವಾಗ ಅದೇ ಚೀಲ ಹುಡುಕುತ್ತೀರಿ.